ಟಿಸಿ ಇಲ್ಲದ ಮಗು ರಾಜ್ಯ ಬಿಟ್ಟು ಹೊರಡುವಾಗ

ಸಂಪಾದಕರಿಗೆ,

ಮಾನ್ಯರೇ,

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಧರ್ಮಕೇಂದ್ರಗಳಿಂದ ಒಂದೆರಡು ಕ್ಯಾಥೊಲಿಕ್ ಕುಟುಂಬಗಳಾದರೂ ಕೆಲಸದ ಮೇಲೆ ಕೇರಳಕ್ಕೋ ಗೋವಾಕ್ಕೋ ತಮಿಳುನಾಡಿಗೋ ಹೊರಡುತ್ತವೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಟಿಸಿ ತೆಗೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿರುವವರ ಕಷ್ಟ ಬೇರೆ. ಆ ಮಗು ಏನು ಕಲಿತಿದೆ, ಯಾವ ಥೆರಪಿ ನಡೆದಿದೆ, ಯಾವ ಸಂಸ್ಕಾರ ಆಗಿದೆ ಎನ್ನುವುದಕ್ಕೆ ಒಂದೇ ಕಡೆ ಸಿಗುವ ದಾಖಲೆ ಇಲ್ಲ. ಹೊಸ ರಾಜ್ಯದ ಕಚೇರಿಯವರ ಕಣ್ಣಿಗೆ ಅದು ಶಾಲೆ ಬಿಟ್ಟ ಮಗು. ಆದ್ದರಿಂದ ಲಾರಿ ಗೊತ್ತುಮಾಡುವ ಮೊದಲು ಆ ಮಗುವಿನ ಕಡತ ಸಿದ್ಧವಾಗಬೇಕು. ಅದರಲ್ಲಿ ಏನಿರಬೇಕು, ಎಲ್ಲಿ ಎಡವಟ್ಟಾಗುತ್ತದೆ, ನಮ್ಮ ಎರಡು ಜಿಲ್ಲೆಗಳ ಕಚೇರಿಗಳು ಮತ್ತು ಧರ್ಮಕೇಂದ್ರಗಳು ಯಾವ ಸಹಾಯ ಮಾಡಬಹುದು ಎಂಬುದನ್ನು ತಿಳಿಸಲು ಈ ಪತ್ರ.

ಮೊದಲು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 3ನೇ ಕಲಮಿಗೆ 2012ರಲ್ಲಿ ತಿದ್ದುಪಡಿಯಾಗಿ, ಬಹುವಿಧ ವೈಕಲ್ಯ ಅಥವಾ ತೀವ್ರ ವೈಕಲ್ಯ ಇರುವ ಮಗುವಿಗೆ ಗೃಹಾಧಾರಿತ ಶಿಕ್ಷಣ ಆರಿಸಿಕೊಳ್ಳುವ ಹಕ್ಕು ಸಿಕ್ಕಿದೆ. ತೀವ್ರ ಎಂದರೆ ಎಷ್ಟು ಎಂಬುದನ್ನು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಹೇಳುತ್ತದೆ: ಶೇ 80 ಅಥವಾ ಅದಕ್ಕೂ ಹೆಚ್ಚು. ಶೇ 60ರ ಆಟಿಸಂ ಮಾತ್ರ ಇರುವ ಮಗು ಈ ಲೆಕ್ಕಕ್ಕೆ ಬರುವುದಿಲ್ಲ. ಉಳಿದಂತೆ, ತಂದೆತಾಯಿ ತಾವಾಗಿಯೇ ಮನೆಯಲ್ಲಿ ಕಲಿಸುವುದರ ಬಗ್ಗೆ ಕಾಯ್ದೆ ಏನನ್ನೂ ಹೇಳುವುದಿಲ್ಲ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು 10ನೇ ಕಲಂ ಹೇಳುತ್ತದೆ. ಸೇರಿಸದವರಿಗೆ ಶಿಕ್ಷೆ ಇಟ್ಟಿಲ್ಲ.

ಈ ವ್ಯತ್ಯಾಸ ಊರು ಬಿಡುವಾಗ ಬಹಳ ಮುಖ್ಯವಾಗುತ್ತದೆ. ಗೃಹಾಧಾರಿತ ಶಿಕ್ಷಣದಲ್ಲಿರುವ ಮಗುವಿನ ಹೆಸರು ಹತ್ತಿರದ ಸರ್ಕಾರಿ ಶಾಲೆಯ ಹಾಜರಿಯಲ್ಲಿರುತ್ತದೆ, ರಾಜ್ಯದ ಶಿಕ್ಷಣ ಇಲಾಖೆ ವಿದ್ಯಾರ್ಥಿಗೆ ಕೊಡುವ ಸ್ಯಾಟ್ಸ್ ಸಂಖ್ಯೆ ಇರುತ್ತದೆ, ಬಿಆರ್‌ಸಿಯ (ಕ್ಷೇತ್ರ ಸಂಪನ್ಮೂಲ ಕೇಂದ್ರದ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರು ಮನೆಗೆ ಬಂದು ಕಲಿಸಿದ್ದಕ್ಕೆ ಬರಹವಿರುತ್ತದೆ. ಕೇಳಿದರೆ ಟಿಸಿಯೂ ಸಿಗುತ್ತದೆ. ಎಲ್ಲೂ ದಾಖಲಾಗದೆ ಮನೆಯಲ್ಲೇ ಕಲಿತ ಮಗುವಿಗೆ ಇವು ಯಾವುವೂ ಇಲ್ಲ. ಅರ್ಹತೆ ಇರುವ ಮಗುವನ್ನು ಹೊರಡುವ ಹಿಂದಿನ ಶೈಕ್ಷಣಿಕ ವರ್ಷದಲ್ಲಾದರೂ ಗೃಹಾಧಾರಿತ ಶಿಕ್ಷಣಕ್ಕೆ ಸೇರಿಸಿಬಿಡುವುದು ಒಳ್ಳೆಯದು. ಮನೆಯ ಪಾಠಕ್ಕೆ ಅದರಿಂದ ಅಡ್ಡಿಯಿಲ್ಲ.

ಅರ್ಹತೆ ಇಲ್ಲದವರೂ ಕೈಚೆಲ್ಲಬೇಕಾಗಿಲ್ಲ. ಎಂದೂ ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು 4ನೇ ಕಲಂ ಹೇಳುತ್ತದೆ. ಹೊರರಾಜ್ಯದಿಂದ ಬಂದ ಮಗುವಿನ ಟಿಸಿ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ, ಅದು 5ನೇ ಕಲಂ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ, ಅದು 14ನೇ ಕಲಂ. ಇವುಗಳ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡರೆ ಹೊಸ ಊರಿನ ಮುಖ್ಯೋಪಾಧ್ಯಾಯರ ಬಳಿ ವಾದ ಬೆಳೆಯುವುದಿಲ್ಲ. ಆದರೆ ಅಲ್ಲಿನ ಚರ್ಚಿನ ಕಾನ್ವೆಂಟ್ ಶಾಲೆಯ ಮುಂದೆ ಈ ಕಾಯ್ದೆ ಹಿಡಿದು ನಿಂತರೆ ಉಪಯೋಗವಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರ ಪ್ರಮತಿ ಪ್ರಕರಣದಲ್ಲಿ ಹೇಳಿದೆ. ನಮ್ಮದೇ ಶಾಲೆ, ಸೇರಿಸಿಕೊಂಡೇ ಕೊಳ್ಳುತ್ತಾರೆ ಎಂದು ನಂಬಿ ಹೋದವರು ಜೂನ್ ತಿಂಗಳಲ್ಲಿ ಪರದಾಡುತ್ತಾರೆ. ಅಲ್ಲಿ ಕೇಳಬೇಕಾದದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಆಧಾರದ ಮೇಲೆ. ಅದರ 16ನೇ ಕಲಂ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳ ಬಗ್ಗೆಯೂ ಮಾತಾಡುತ್ತದೆ. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುವುದು 31ನೇ ಕಲಂ.

ಮನೆಯಲ್ಲಿ ಕಲಿಸಿದ್ದಕ್ಕೆ ಸಾಕ್ಷಿ ಬೇಕು. ಅಂಕಪಟ್ಟಿಯಂತೆ ಏನನ್ನೋ ಸೃಷ್ಟಿಸಿದರೆ ಯಾರೂ ಓದುವುದಿಲ್ಲ. ಆರು ತಿಂಗಳಿಗೊಂದರಂತೆ ಒಂದೊಂದು ಹಾಳೆ ಸಾಕು. ಪ್ರತಿ ವಿಷಯದಲ್ಲೂ ಮಗು ತಾನೇ ಏನು ಮಾಡುತ್ತದೆ, ನೆರವು ಕೊಟ್ಟರೆ ಏನು ಮಾಡುತ್ತದೆ, ಇನ್ನೂ ಏನು ಆಗುತ್ತಿಲ್ಲ ಎಂದು ಬರೆಯಬೇಕು. 'ಗಣಿತ: ಉತ್ತಮ' ಎಂದರೆ ಹೊಸ ಶಿಕ್ಷಕರಿಗೆ ಏನೂ ತಿಳಿಯದು. 'ಹತ್ತರೊಳಗೆ ಮಣಿ ಇಟ್ಟು ಕೂಡುತ್ತಾಳೆ, ಬರೆದ ಲೆಕ್ಕ ಮಾಡಲಾರಳು, ಹಣದ ನೋಟು ಗುರುತಿಸುತ್ತಾಳೆ, ಚಿಲ್ಲರೆ ಎಣಿಸಲಾರಳು' ಎಂದರೆ ಅವರು ಮರುದಿನವೇ ಪಾಠ ಶುರುಮಾಡಬಹುದು. ಜೊತೆಗೆ ದಿನಾಂಕ ಬರೆದ ನಾಲ್ಕೈದು ಕೈಬರಹ ಅಥವಾ ಚಿತ್ರ. ಮಗು ಯಾವಾಗ ರೇಗುತ್ತದೆ, ಹೇಗೆ ಶಾಂತವಾಗುತ್ತದೆ, ಶೌಚಕ್ಕೆ ಹೋಗಬೇಕೆಂದು ಹೇಗೆ ತಿಳಿಸುತ್ತದೆ ಎಂಬುದಕ್ಕೆ ಬೇರೆ ಒಂದು ಹಾಳೆ. ಹೊಸ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಈ ಕೊನೆಯ ಹಾಳೆಯೇ.

ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಓದುತ್ತಿರುವವರಿಗೆ ರಾಜ್ಯ ಬದಲಾದರೂ ಬೋರ್ಡು ಬದಲಾಗುವುದಿಲ್ಲ ಎನ್ನುವುದು ದೊಡ್ಡ ಅನುಕೂಲ. ಅದರ ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳು 3, 5 ಮತ್ತು 8ನೇ ತರಗತಿಗೆ ಸಮ. 14 ತುಂಬಿದವರು ನೇರವಾಗಿ 10ನೇ ತರಗತಿಯ ಮಟ್ಟಕ್ಕೆ ದಾಖಲಾಗಬಹುದು. ನೋಂದಣಿ 5 ವರ್ಷ ನಡೆಯುತ್ತದೆ, ಪಾಸಾದ ವಿಷಯ ಹಾಗೇ ಉಳಿಯುತ್ತದೆ. ಎಡವುವುದು ಅಧ್ಯಯನ ಕೇಂದ್ರದ ವಿಷಯದಲ್ಲಿ. ಶೇ 20ರಷ್ಟು ತೂಕವಿರುವ ಟಿಎಂಎ ಬರಹಗಳನ್ನು (ಮನೆಯಲ್ಲಿ ಬರೆದು ಕೇಂದ್ರಕ್ಕೆ ಒಪ್ಪಿಸುವ ಉತ್ತರಗಳನ್ನು) ಹಳೆಯ ಕೇಂದ್ರಕ್ಕೆ ಅರ್ಧ ಸಲ್ಲಿಸಿ, ಅರ್ಧ ಬಾಕಿ ಇಟ್ಟು ಹೊರಟರೆ ಆ ಅಂಕಗಳಿಗೆ ಯಾರೂ ಹೊಣೆಯಾಗುವುದಿಲ್ಲ. ಟಿಎಂಎ, ಪ್ರಾಯೋಗಿಕ ಎರಡನ್ನೂ ಇಲ್ಲೇ ಮುಗಿಸಿ, ಸಲ್ಲಿಸಿದ್ದರ ಪ್ರತಿ ಇಟ್ಟುಕೊಂಡು, ಆಮೇಲೆ ಪ್ರಾದೇಶಿಕ ಕಚೇರಿಗೆ ಕೇಂದ್ರ ಬದಲಾವಣೆಗೆ ಬರೆಯಬೇಕು. ಬರಹಗಾರರ ನೆರವು, ಹೆಚ್ಚುವರಿ ಸಮಯಕ್ಕೆ ಪರೀಕ್ಷೆಗೆ ಬಹಳ ಮುಂಚೆಯೇ ಅರ್ಜಿ ಹಾಕಬೇಕು. ಪರೀಕ್ಷೆಯ ಬೆಳಿಗ್ಗೆ ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ) ತೋರಿಸಿದರೆ ಸಿಗುವುದಿಲ್ಲ.

ಇನ್ನು ಯುಡಿಐಡಿ. ವೈಕಲ್ಯ ಪ್ರಮಾಣಪತ್ರ ದೇಶಾದ್ಯಂತ ಮಾನ್ಯ ಎಂದು 2016ರ ಕಾಯ್ದೆಯ 58ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಹೊಸ ರಾಜ್ಯದಲ್ಲಿ ಮತ್ತೆ ಮಂಡಳಿಯ ಮುಂದೆ ಕೂರಿಸಿ ಎಂದು ಯಾರಾದರೂ ಹೇಳಿದರೆ ಇದನ್ನು ತೋರಿಸಬೇಕು. ಆದರೆ ಮಕ್ಕಳಿಗೆ ಸಿಗುವ ಪ್ರಮಾಣಪತ್ರ ಅನೇಕ ಸಲ ತಾತ್ಕಾಲಿಕ. ಮುಗಿಯುವ ದಿನಾಂಕ ಅದರ ಮೇಲೇ ಇರುತ್ತದೆ. ಅದು ಮುಂದಿನ ಒಂದು ವರ್ಷದೊಳಗೆ ಬೀಳುವುದಾದರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ನವೀಕರಿಸಿಕೊಂಡೇ ಹೊರಡುವುದು ಕ್ಷೇಮ. ಇಲ್ಲಿನ ವೈದ್ಯರ ಬಳಿ ಹಳೆಯ ಕಡತವಿದೆ. ಅಲ್ಲಿ ಮೊದಲಿನಿಂದ ಪರೀಕ್ಷೆ ಶುರುವಾಗುತ್ತದೆ, ಅದೂ ಮಗುವಿಗೆ ಬಾರದ ಭಾಷೆಯಲ್ಲಿ. ಬುದ್ಧಿಮಟ್ಟದ ಪರೀಕ್ಷೆಯನ್ನು ಅರ್ಥವಾಗದ ಭಾಷೆಯಲ್ಲಿ ಮಾಡಿದರೆ ಮಗುವಿನ ಸಾಮರ್ಥ್ಯಕ್ಕಿಂತ ಕಡಿಮೆ ಅಂಕ ಬರುತ್ತದೆ, ಮುಂದೆ ವರ್ಷಗಟ್ಟಲೆ ಆ ಅಂಕವೇ ಮಗುವಿನ ಹಿಂದೆ ಬರುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಜಿಲ್ಲಾಸ್ಪತ್ರೆಯಲ್ಲಿ ಮಾಡಿಸಿದ ವರದಿಗಳಿದ್ದರೆ ಪರೀಕ್ಷೆಯ ಹೆಸರು, ದಿನಾಂಕ, ಅಂಕ ಮೂರೂ ಇರುವ ಮೂಲಪ್ರತಿಯನ್ನೇ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು, ಲಾರಿಯ ಪೆಟ್ಟಿಗೆಯಲ್ಲಲ್ಲ.

ಹೆಸರಿನ ತೊಡಕು ನಮ್ಮವರಲ್ಲಿ ತುಸು ಹೆಚ್ಚು. ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಜ್ಞಾನಸ್ನಾನದ ಪುಸ್ತಕದಲ್ಲಿ ಅದರ ಜೊತೆಗೊಂದು ಸಂತರ ಹೆಸರು, ಆಧಾರ್‌ನಲ್ಲಿ ಮನೆತನದ ಹೆಸರಿನ ಇನ್ನೊಂದು ಕಾಗುಣಿತ. ಇಲ್ಲಿ ಗುರುತಿನವರಿದ್ದಾರೆ, ನಡೆದುಹೋಗುತ್ತದೆ. ಹೊರರಾಜ್ಯದ ಕಂಪ್ಯೂಟರ್ ಒಂದಕ್ಷರ ಹೆಚ್ಚುಕಮ್ಮಿಯಾದರೂ ಒಪ್ಪುವುದಿಲ್ಲ. ಜನನ ಪ್ರಮಾಣಪತ್ರದ ತಿದ್ದುಪಡಿ ಎಲ್ಲಿ ನೋಂದಾಯಿಸಿತ್ತೋ ಅಲ್ಲೇ ಆಗಬೇಕಾದ್ದರಿಂದ ಅದನ್ನು ಮೊದಲು ಸರಿಮಾಡಿ, ಅದಕ್ಕೆ ತಕ್ಕಂತೆ ಆಧಾರ್, ಆಧಾರ್‌ಗೆ ತಕ್ಕಂತೆ ಯುಡಿಐಡಿ, ಈ ಕ್ರಮದಲ್ಲೇ ಹೋಗಬೇಕು. ತಿರುವುಮುರುವು ಮಾಡಿದರೆ ಎಲ್ಲವನ್ನೂ ಎರಡು ಸಲ ಮಾಡಬೇಕಾಗುತ್ತದೆ. ಆಧಾರ್‌ಗೆ 5 ಮತ್ತು 15 ವರ್ಷ ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡುವುದು ಕಡ್ಡಾಯ. ಕೈ ಬಿಗಿಯಾಗಿರುವ, ಒಂದೆಡೆ ಕೂರದ ಮಕ್ಕಳಿಗೆ ಇದೇ ದೊಡ್ಡ ಪ್ರಯಾಸ, ಪರಿಚಯವಿರುವ ಊರಿನಲ್ಲೇ ಮುಗಿಸಬೇಕು.

ರಾಜ್ಯದ ಗಡಿಯಲ್ಲಿ ನಿಲ್ಲುವವು ಯಾವುವು ಎಂಬುದೂ ಗೊತ್ತಿರಬೇಕು. ಕರ್ನಾಟಕದ ಮಾಸಾಶನ ಇಲ್ಲಿನ ನಿವಾಸಿಗೆ ಮಾತ್ರ. ನಾಡಕಚೇರಿಗೆ ಬರೆದುಕೊಟ್ಟು ನಿಲ್ಲಿಸದೆ ಹೋದರೆ ಮುಂದೆ ವಸೂಲಿ ನೋಟಿಸು ಬರಬಹುದು, ಅಲ್ಲಿನ ಅರ್ಜಿಗೂ ತೊಡಕಾಗಬಹುದು. ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ಒಳಗಿನದು, ಅಲ್ಲಿ ಕೆಲಸಕ್ಕೆ ಬಾರದು. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಮಾತ್ರ ಕೇಂದ್ರದ್ದು, 1 ಲಕ್ಷ ರೂಪಾಯಿವರೆಗಿನದು, ಎಲ್ಲಿ ಹೋದರೂ ಜೊತೆಗೆ ಬರುತ್ತದೆ. ಸ್ಥಳಾಂತರದ ಗಡಿಬಿಡಿ ಮಾರ್ಚ್ ಕೊನೆಯಲ್ಲೇ ಬರುವುದರಿಂದ ಅದರ ನವೀಕರಣ ಮರೆತುಹೋಗುವುದು ಸಾಮಾನ್ಯ. ಮಗುವಿಗೆ 18 ತುಂಬುವುದು ಹತ್ತಿರವಿದ್ದರೆ ಇನ್ನೂ ಒಂದು ಕೆಲಸ ಉಂಟು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ 18ರ ನಂತರ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ಜಿಲ್ಲಾಧಿಕಾರಿಯವರಿರುವ ಸ್ಥಳೀಯ ಮಟ್ಟದ ಸಮಿತಿ. ಆ ನೇಮಕದ ಪತ್ರವಿಲ್ಲದೆ ಬ್ಯಾಂಕಿನಲ್ಲಿ ತಂದೆತಾಯಿಯ ಸಹಿ ನಡೆಯುವುದಿಲ್ಲ.

ಔಷಧದ ವಿಷಯದಲ್ಲಿ ಎಚ್ಚರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಫಿಟ್ಸ್ ಔಷಧಿಯನ್ನು ಒಂದು ದಿನವೂ ಬಿಡುವಂತಿಲ್ಲ. ಹೊಸ ಊರಲ್ಲಿ ವೈದ್ಯರು ಸಿಗುವವರೆಗೆ ಕನಿಷ್ಠ ಒಂದೂವರೆ ತಿಂಗಳಿನದು ಕೈಯಲ್ಲಿರಬೇಕು. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಹೆಸರನ್ನೂ, ಪ್ರಮಾಣವನ್ನು ಎಂ.ಎಲ್. ಜೊತೆ ಮಿಲಿಗ್ರಾಂನಲ್ಲೂ ಬರೆಸಿಕೊಳ್ಳಬೇಕು. ಏಕೆಂದರೆ ಸಿರಪ್ಪುಗಳ ಸಾಂದ್ರತೆ ಒಂದೇ ಅಲ್ಲ. ವಾಲ್‌ಪ್ರೊಯೇಟ್ ಸಿರಪ್ ಸಾಮಾನ್ಯವಾಗಿ 5 ಎಂ.ಎಲ್.ಗೆ 200 ಮಿಲಿಗ್ರಾಂ, ಲೆವೆಟಿರಾಸೆಟಮ್ ಒಂದು ಎಂ.ಎಲ್.ಗೆ 100 ಮಿಲಿಗ್ರಾಂ. 'ಬೆಳಿಗ್ಗೆ 5 ಎಂ.ಎಲ್.' ಎಂದಷ್ಟೇ ಇದ್ದು, ಅಂಗಡಿಯವರು ಬೇರೆ ಸಾಂದ್ರತೆಯ ಬಾಟಲಿ ಕೊಟ್ಟರೆ ಮಗುವಿಗೆ ಹೋಗುವ ಔಷಧವೇ ಬದಲಾಗುತ್ತದೆ. ತುರ್ತಿಗೆ ಮೂಗಿಗೆ ಹಾಕುವ ಮಿಡಜೋಲಾಮ್ ಸ್ಪ್ರೇ ಎಚ್1 ಪಟ್ಟಿಯ ಔಷಧ. ಚೀಟಿ ಇಲ್ಲದೆ ಕೊಡುವಂತಿಲ್ಲ, ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಚೀಟಿಯ ಮೂಲಪ್ರತಿ ಪ್ರಯಾಣದಲ್ಲಿ ಕೈಗೆ ಸಿಗುವಂತಿರಲಿ.

ಭಾಷೆಯ ಬಗ್ಗೆ ಒಂದು ಮಾತು. ಮನೆಯಲ್ಲಿ ಕನ್ನಡ ಅಥವಾ ಕೊಂಕಣಿ ಬಿಟ್ಟು ಹೊಸ ರಾಜ್ಯದ ಭಾಷೆಯನ್ನೋ ಇಂಗ್ಲಿಷನ್ನೋ ಮಾತ್ರ ಆಡಿ ಎಂಬ ಸಲಹೆ ಖಂಡಿತ ಬರುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಅವ್ವ ಅಪ್ಪ ಅಜ್ಜಿಯ ಮಾತನ್ನೇ ಕಿತ್ತುಕೊಂಡರೆ ಮಗುವಿಗೆ ಉಳಿಯುವುದೇನು? ಬದಲಿಗೆ ಮಗು ಬಳಸುವ ಇಪ್ಪತ್ತು ಮೂವತ್ತು ಪದಗಳನ್ನು, ನೀರು, ಸಾಕು, ನೋವು, ಬೇಡ, ಉಚ್ಚೆ ಇಂಥವನ್ನು, ಚಿತ್ರದ ಪಕ್ಕದಲ್ಲಿ ಹೊಸ ರಾಜ್ಯದ ಲಿಪಿಯಲ್ಲಿ ಬರೆದು ಕೊಡಬೇಕು. ಮಗು 'ನೀರು' ಎಂದಾಗ ಮಲಯಾಳಿ ಥೆರಪಿಸ್ಟರಿಗೆ ಅದು ಕೇಳಿ ತಿಳಿಯಬೇಕು. ಅನುವಾದ ಆಮೇಲೆ.

ಮನೆ ಹುಡುಕುವಾಗ ಆಫೀಸಿಗೆ ಹತ್ತಿರ ಎಂಬುದಕ್ಕಿಂತ ಥೆರಪಿ ಕೇಂದ್ರಕ್ಕೆ ಹತ್ತಿರ ಎಂಬುದು ಮುಖ್ಯ. ಕೆಲಸಕ್ಕೆ ಹೋಗುವವರು ಒಬ್ಬರೇ ಓಡಾಡುತ್ತಾರೆ, ಮಗು ವಾರಕ್ಕೆ ಮೂರು ದಿನ ಓಡಾಡಬೇಕು. ಕೇರಳದಲ್ಲಾದರೆ ಮೊದಲು ನೋಡಬೇಕಾದದ್ದು ಬಾವಿ. ಅಲ್ಲಿ ಬಹಳಷ್ಟು ಮನೆಗಳ ಅಂಗಳದಲ್ಲೇ ಬಾವಿ ಇರುತ್ತದೆ. ಕಣ್ತಪ್ಪಿಸಿ ಓಡುವ ಮಗುವಿದ್ದರೆ ಕಟ್ಟೆಯ ಎತ್ತರ ಸಾಲದು, ಮೇಲೆ ಕಬ್ಬಿಣದ ಜಾಲರಿ, ಅದಕ್ಕೆ ಬೀಗ ಬೇಕು. ಮನೆ ಒಪ್ಪಂದಕ್ಕೆ ಮುಂಚೆಯೇ ಮಾಲೀಕರಿಂದ ಮಾಡಿಸಿಕೊಳ್ಳಬೇಕು. ವೈಕಲ್ಯ ಇರುವ ಮಕ್ಕಳಿಗೆ ಪಂಚಾಯಿತಿಗಳು ನಡೆಸುವ ಬಡ್ಸ್ ಶಾಲೆಗಳು ಕೇರಳದ ಹಲವು ಕಡೆ ಇವೆ. ಮನೆ ನೋಡಲು ಹೋದ ದಿನವೇ ಅಲ್ಲಿನ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಬಹುದು.

ಹೊರಡುವ ಸಮಯ ಏಪ್ರಿಲ್–ಮೇ ಆಗಲಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಗಂಟೆಗಟ್ಟಲೆ ನಿಂತರೆ ನಮ್ಮ ಮಕ್ಕಳಿಗೆ ಅದು ತಡೆಯಲಾಗದ ಹಿಂಸೆ. ರೈಲಿನಲ್ಲಾದರೆ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ 57 ಸುರಂಗಗಳಿವೆ. ಕತ್ತಲು, ಪ್ರತಿಧ್ವನಿ ಎರಡೂ ಒಟ್ಟಿಗೆ ಬರುತ್ತವೆ. ಶಬ್ದಕ್ಕೆ ಹೆದರುವ ಮಗುವಿಗೆ ಕಿವಿಗೆ ಹಾಕುವ ಇಯರ್‌ಮಫ್ ಅನ್ನು ತಿಂಗಳ ಮುಂಚೆಯೇ ಮನೆಯಲ್ಲಿ ರೂಢಿ ಮಾಡಿಸಬೇಕು. ಜೊತೆಯವರಿಲ್ಲದೆ ಪ್ರಯಾಣಿಸಲಾಗದ ಬೌದ್ಧಿಕ ವೈಕಲ್ಯದ ಮಗುವಿಗೂ ಜೊತೆಗಿರುವ ಒಬ್ಬರಿಗೂ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಶೇ 75 ರಿಯಾಯಿತಿ ಇದೆ. ಮಗುವಿನ ಕೋಣೆಯ ಸಾಮಾನು ಲಾರಿಗೆ ಕೊನೆಯಲ್ಲಿ ಏರಲಿ, ಅಲ್ಲಿ ಮೊದಲು ಇಳಿಯಲಿ.

ಇನ್ನು ಚರ್ಚಿನ ವಿಷಯ. ಇಲ್ಲಿ ತಪ್ಪುಗಳಾಗುವುದು ಯಾರ ಕೆಟ್ಟ ಮನಸ್ಸಿನಿಂದಲೂ ಅಲ್ಲ, ಮಾಹಿತಿ ಇಲ್ಲದೆ. ದೃಢೀಕರಣ ಸಂಸ್ಕಾರವಾದದ್ದನ್ನು ಜ್ಞಾನಸ್ನಾನದ ಪುಸ್ತಕದಲ್ಲೂ ಬರೆಯಬೇಕೆಂದು ಧರ್ಮಸಭೆಯ ಕಾನೂನಿನ 535ನೇ ವಿಧಿ ಹೇಳುತ್ತದೆ. ಪ್ರಥಮ ಪರಮಪ್ರಸಾದವನ್ನು ಅಲ್ಲಿ ಬರೆಯುವ ಕಡ್ಡಾಯವಿಲ್ಲ. ಹಾಗಾಗಿ ಪ್ರಥಮ ಪರಮಪ್ರಸಾದಕ್ಕೆ ಬೇರೆ ಪತ್ರ ತೆಗೆದುಕೊಳ್ಳದೆ ಹೋದರೆ, ಮಾತು ಬಾರದ ಮಗುವಿಗೆ 'ನನಗೆ ಆಗಿದೆ' ಎಂದು ಹೇಳಲು ಬರುವುದಿಲ್ಲ, ಹೊಸ ಧರ್ಮಕೇಂದ್ರದವರಿಗೆ ನಂಬಲು ದಾರಿ ಇರುವುದಿಲ್ಲ. ಜ್ಞಾನಸ್ನಾನದ ಪತ್ರವೂ ಹಳೆಯದಾದರೆ ಸಾಲದು, ಅಂಚಿನ ಟಿಪ್ಪಣಿಗಳ ಸಮೇತ ಹೊಸದಾಗಿ ಬರೆಸಿದ್ದಿರಬೇಕು.

ಕ್ಯಾಥೊಲಿಕರಲ್ಲೇ ಬೇರೆ ಬೇರೆ ಆರಾಧನಾ ಕ್ರಮಗಳಿವೆ. ಕೇರಳ ಮೂಲದ ಸೀರೋ-ಮಲಬಾರ್ ಕ್ರಮದ ಕುಟುಂಬಗಳಲ್ಲಿ ಶಿಶುವಿಗೆ ಜ್ಞಾನಸ್ನಾನದ ಜೊತೆಯಲ್ಲೇ ತೈಲಾಭಿಷೇಕ, ಅಂದರೆ ದೃಢೀಕರಣ, ಆಗಿರುತ್ತದೆ. ನಮ್ಮ ಲ್ಯಾಟಿನ್ ಧರ್ಮಕೇಂದ್ರಗಳಲ್ಲಿ ದೃಢೀಕರಣ ದೊಡ್ಡ ಮಕ್ಕಳಿಗೆ. ಹಾಸನ, ಚಿಕ್ಕಮಗಳೂರು ಎರಡೂ ಲ್ಯಾಟಿನ್ ಕ್ರಮದಲ್ಲಿ 1963ರ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಸೀರೋ-ಮಲಬಾರ್ ಕ್ರಮದಲ್ಲಿ ಚಿಕ್ಕಮಗಳೂರು ಜಿಲ್ಲೆ 2007ರ ಭದ್ರಾವತಿ ಧರ್ಮಪ್ರಾಂತ್ಯಕ್ಕೆ, ಹಾಸನ 2010ರ ಮಂಡ್ಯ ಧರ್ಮಪ್ರಾಂತ್ಯಕ್ಕೆ. ಹತ್ತಿರವೆಂದು ಬೇರೆ ಕ್ರಮದ ಚರ್ಚಿಗೆ ವರ್ಷಗಟ್ಟಲೆ ಹೋದರೂ ಕುಟುಂಬದ ಸದಸ್ಯತ್ವ ತಾನಾಗಿ ಬದಲಾಗುವುದಿಲ್ಲ ಎಂದು 112ನೇ ವಿಧಿ ಹೇಳುತ್ತದೆ. ಕೇರಳಕ್ಕೆ ಹೋದ ಲ್ಯಾಟಿನ್ ಕುಟುಂಬ ಹತ್ತಿರದ ಸೀರೋ-ಮಲಬಾರ್ ಬಲಿಪೂಜೆಗೆ ನಿಶ್ಚಿಂತೆಯಿಂದ ಹೋಗಬಹುದು, ಪರಮಪ್ರಸಾದ ಸ್ವೀಕರಿಸಬಹುದು. ಮಕ್ಕಳ ದಾಖಲೆ ಮಾತ್ರ ತಮ್ಮ ಕ್ರಮದ ಧರ್ಮಕೇಂದ್ರದಲ್ಲೇ ಇಡಬೇಕು.

ಅಲ್ಲಿನ ಭಾನುವಾರದ ಧರ್ಮೋಪದೇಶಕ್ಕೆ ತರಗತಿ, ಹಾಜರಿ, ಪರೀಕ್ಷೆ ಎಲ್ಲವೂ ಉಂಟು. ಮನೆಯಲ್ಲೇ ಜಪ, ಧರ್ಮೋಪದೇಶ ಕಲಿತ ಮಗುವನ್ನು ವಯಸ್ಸು ನೋಡಿ ತರಗತಿಗೆ ಕೂರಿಸಿದರೆ ಎರಡೇ ವಾರದಲ್ಲಿ ಅದು ಚರ್ಚಿಗೇ ಬರುವುದಿಲ್ಲ ಎನ್ನುತ್ತದೆ. ಮಗು ಯಾವ ಜಪ ಹೇಳುತ್ತದೆ, ಶಿಲುಬೆಯ ಗುರುತು ಹಾಕುತ್ತದೆಯೇ, ಸಾಧಾರಣ ರೊಟ್ಟಿಗೂ ಪರಮಪ್ರಸಾದಕ್ಕೂ ವ್ಯತ್ಯಾಸ ತೋರಿಸುತ್ತದೆಯೇ ಎಂದು ಇಲ್ಲಿನ ಗುರುಗಳು ಒಂದು ಪುಟ ಬರೆದುಕೊಟ್ಟರೆ ಅಲ್ಲಿನವರಿಗೆ ದಾರಿ ತಿಳಿಯುತ್ತದೆ. ಮಾನಸಿಕವಾಗಿ, ದೈಹಿಕವಾಗಿ ತೊಂದರೆ ಇರುವವರಿಗೆ ಅವರ ಸ್ಥಿತಿಗೆ ತಕ್ಕಂತೆ ಧರ್ಮೋಪದೇಶ ಸಿಗುವಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುಗಳ ಹೊಣೆ ಎಂದು 777ನೇ ವಿಧಿ ಹೇಳುತ್ತದೆ. ಅಲ್ಲಿ ಕೇಳಿಕೊಳ್ಳಲು ಸಂಕೋಚ ಬೇಡ. ನುಂಗಲು ಕಷ್ಟವಿರುವ ಮಗುವಿಗೆ ಪರಮಪ್ರಸಾದದ ಚೂರೊಂದು ಸಾಕು. ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು 925ನೇ ವಿಧಿಯಲ್ಲಿ ಅವಕಾಶವಿದೆ. ಮೊದಲ ಭಾನುವಾರದ ದೊಡ್ಡ ಪೂಜೆಗೇ ಕರೆದೊಯ್ಯದೆ, ವಾರದ ದಿನದ ಚಿಕ್ಕ ಪೂಜೆಗೆ ನಾಲ್ಕೈದು ಸಲ ಕರೆದೊಯ್ದು, ಬಾಗಿಲ ಹತ್ತಿರದ ಬೆಂಚು ರೂಢಿಮಾಡಿಸಬೇಕು. ಕೇರಳದ ಊರಹಬ್ಬದಲ್ಲಿ ಸಿಡಿಮದ್ದು, ಚೆಂಡೆ ಇರುತ್ತದೆ. ಮನೆ ಚರ್ಚಿನ ಪಕ್ಕದಲ್ಲೇ ಸಿಕ್ಕಿತೆಂದು ಸಂತೋಷಪಡುವ ಮೊದಲು ಹಬ್ಬದ ತಾರೀಖು ಕೇಳಿಟ್ಟುಕೊಂಡು ಆ ಎರಡು ರಾತ್ರಿಗೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು.

ನಮ್ಮ ಕೋರಿಕೆ ಮೂರು ಕಡೆಗೆ. ಎರಡೂ ಜಿಲ್ಲೆಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಗೃಹಾಧಾರಿತ ಶಿಕ್ಷಣದ ಮಗು ಊರು ಬಿಡುವಾಗ ಟಿಸಿಯ ಜೊತೆಗೆ ಬಿಐಇಆರ್‌ಟಿಯವರ ಭೇಟಿ ಮತ್ತು ಕಲಿಕೆಯ ವಿವರವನ್ನು ಇಂಗ್ಲಿಷಿನಲ್ಲಿ ಸಹಿ ಹಾಕಿ ಕೊಡಲಿ. ಕನ್ನಡದ ಹಾಳೆಯನ್ನು ಅಲ್ಲಿ ಓದುವವರಿಲ್ಲ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳು, ಯಾವ ಸೌಲಭ್ಯ ಯಾವಾಗ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬಹುದು ಎಂಬ ಒಂದು ಪುಟದ ಪಟ್ಟಿಯನ್ನು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಕೈಯಲ್ಲಿ ಇಡಲಿ. ಧರ್ಮಪ್ರಾಂತ್ಯಗಳು, ಇಂಥ ಮಕ್ಕಳಿಗಾಗಿ ಧರ್ಮಕೇಂದ್ರದಿಂದ ಧರ್ಮಕೇಂದ್ರಕ್ಕೆ ನೇರವಾಗಿ ಹೋಗುವ ಪತ್ರದ ನಮೂನೆಯೊಂದನ್ನು ಮಾಡಿ, ಲೆಂಟ್ ಮುಗಿಯುವುದರೊಳಗೆ ಗುರುಗಳಿಗೆ ಕಳುಹಿಸಲಿ. ಹೊರಡುವವರು ಅದನ್ನು ಕೇಳುವುದು ಈಸ್ಟರ್ ಕಳೆದ ಮರುದಿನದಿಂದಲೇ.

ಇತಿ,
ವಿಶೇಷ ಅಗತ್ಯದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಕೆಲವು ಕ್ಯಾಥೊಲಿಕ್ ಪೋಷಕರು,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆ